ಮುರಿಯದ ಹಳದಿ ಗೆರೆ

ರಬ್ಬರ್ ಗ್ಲೌಸಿನ ಬಾಯನ್ನು ಎರಡೂ ಕೈಯಲ್ಲಿ ಹಿಡಿದು, ಚಾಪೆ ಸುತ್ತುವ ಹಾಗೆ ಸುತ್ತುತ್ತ ಬಂದಳು ಚಿಕ್ಕವಳು. ಒಳಗೆ ಸಿಕ್ಕಿಬಿದ್ದ ಗಾಳಿಗೆ ಬೇರೆ ದಾರಿಯಿಲ್ಲದೆ ಐದೂ ಬೆರಳುಗಳು ಉಬ್ಬಿ ನಿಂತವು. ಅದನ್ನು ಕೆನ್ನೆಯ ಹತ್ತಿರ ತಂದು ಕಣ್ಣು ಮುಚ್ಚಿದಳು.

ಸೂಜಿಮೊನೆಯಷ್ಟು ತೂತಿದ್ದರೂ ಸಾಕು, ಕೆನ್ನೆಗೆ ತಣ್ಣನೆಯ ಗಾಳಿ ತಾಕುತ್ತದೆ. ಕಿವಿಗೆ ಸುಯ್ ಎಂಬ ಸಣ್ಣ ಸದ್ದು ಬೀಳುತ್ತದೆ. ಅದಕ್ಕೇ ಶೆಡ್ಡಿನಲ್ಲಿದ್ದ ಉಳಿದ ಮೂವರೂ ಕೆಮ್ಮನ್ನು ಸಹ ನುಂಗಿಕೊಂಡು ನಿಂತಿದ್ದರು.

ಗಾಳಿ ತಾಕಲಿಲ್ಲ. ಸದ್ದೂ ಬರಲಿಲ್ಲ. 

ಎರಡನೆಯ ಗ್ಲೌಸನ್ನೂ ಹಾಗೆಯೇ ಸುತ್ತಿ, ಕೆನ್ನೆಗೆ ಹಿಡಿದು, ಬಿಚ್ಚಿ ಮಡಿಸಿದಳು.

“ಸರಿಯಾಗಿದೆ ಮೇಡಂ,” ಎಂದಳು.

“ಜೋರಾಗಿ ಹೇಳಮ್ಮಾ,” ಎಂದರು ಇನ್‌ಸ್ಪೆಕ್ಟರಮ್ಮ. “ನಾನೂರು ವೋಲ್ಟಿಗೆ ಕೈ ಹಾಕೋಳು ನಾನು. ನೀನು ಪಿಸುಗುಟ್ಟಿದ್ರೆ ನಂಗೆ ಧೈರ್ಯ ಎಲ್ಲಿಂದ ಬರ್ಬೇಕು?”

“ಸರಿಯಾಗಿದೆ!”

“ಹಾಂ. ಈಗ ಬಂತು.”

“ನಮ್ಮ ಚಿಕ್ಕವಳ ಗಂಟಲಿಗೂ ಒಂದು ಚಾರ್ಜರ್ ಸಿಕ್ಕಿಸ್ಬೇಕು ಮೇಡಂ,” ಎಂದು ಭಾವ ನಕ್ಕ. “ಹುಟ್ಟಿದಾಗಿಂದ ಹತ್ತು ಪರ್ಸೆಂಟಲ್ಲೇ ಓಡ್ತಿದ್ದಾಳೆ.”

ಯಾರೂ ನಗಲಿಲ್ಲ. ಭಾವನೂ ತನ್ನ ನಗೆಯನ್ನು ಅರ್ಧಕ್ಕೇ ಮಡಿಚಿ ಒಳಗಿಟ್ಟುಕೊಂಡ.

ನಗುವ ಹೊತ್ತಾಗಿರಲಿಲ್ಲ ಅದು. ಅವರ ಮುಂದೆ ನಿಂತಿದ್ದ ಎಲೆಕ್ಟ್ರಿಕ್ ಕಾರಿಗೆ ಮುಂಭಾಗ ಮಾತ್ರ ಉಳಿದಿತ್ತು. ನಾಲ್ಕು ದಿನದ ಹಿಂದೆ ಸೇತುವೆಯ ನಡುಮಧ್ಯೆ ಅದು ಇದ್ದಕ್ಕಿದ್ದಂತೆ ನಿಂತು, ಹಿಂದಿನಿಂದ ಬಂದ ಲಾರಿ ಗುದ್ದಿ, ಅದರ ಯಜಮಾನರಾದ ಕನ್ನಡಕದಂಗಡಿಯ ತಾತ ಆಸ್ಪತ್ರೆ ಸೇರಿದ್ದರು. ಇವತ್ತಿಗೂ ಕಣ್ಣು ಬಿಟ್ಟಿರಲಿಲ್ಲ. ಓಡುವ ಗಾಡಿ ಯಾಕೆ ನಿಂತಿತು ಎನ್ನುವುದೊಂದೇ ಪ್ರಶ್ನೆ. ಉತ್ತರ ವರ್ಕ್‌ಶಾಪಿನ ಕಡೆಗೆ ಬೊಟ್ಟು ಮಾಡಿದರೆ, ಅಣ್ಣನನ್ನು ಕರೆದೊಯ್ಯಲು ಗೇಟಿನ ಹೊರಗೆ ಪೊಲೀಸ್ ಜೀಪು ಕಾದಿತ್ತು.

ಅಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಕೈಯಲ್ಲೊಂದು ಬಟ್ಟೆ. ಕೊಳೆಯೇ ಇಲ್ಲದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಲೇ ಇದ್ದ. ವರ್ಕ್‌ಶಾಪಿನ ಸ್ಪ್ಯಾನರು ಹಿಡಿಯುವ ಕೆಲಸವೆಲ್ಲ ಅವನದು. ಭಾವ, ಅಂದರೆ ಅಕ್ಕನ ಗಂಡ, ಲ್ಯಾಪ್‌ಟಾಪು ಸಿಕ್ಕಿಸಿ ಗಾಡಿಯ ಕಂಪ್ಯೂಟರ್ ಓದುತ್ತಿದ್ದ, ಗಿರಾಕಿಗಳ ಹತ್ತಿರ ಮಾತಾಡುತ್ತಿದ್ದ. ಮಾತು ಎಂಬುದೇ ಬಾರದ ಚಿಕ್ಕವಳಿಗೆ ಉಳಿದದ್ದು ಇವರಿಬ್ಬರ ಹಿಂದೆ ನಿಂತು ನೋಡುವ ಕೆಲಸ.

ಅವಳು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡಳು. ಅದೂ ತಾತನೇ ಮಾಡಿಕೊಟ್ಟದ್ದು. ‘ಈಗ ಇರುವೆಯ ಮೀಸೆಯೂ ಕಾಣ್ಸುತ್ತೆ ನೋಡು ಮಗಳೇ,’ ಎಂದು ಹೇಳಿ ಕಿವಿಯ ಹಿಂದಿನ ಕಡ್ಡಿಯನ್ನು ಎರಡು ಸಲ ಬಗ್ಗಿಸಿ ಕೂರಿಸಿದ್ದರು.

ಇರುವೆಯ ಮೀಸೆ ಕಾಣುವ ಕನ್ನಡಕ ಹಾಕಿಕೊಂಡು, ಅವರದೇ ಗಾಡಿಯ ಕೆಲಸವನ್ನು ಅವಳು ನೋಡಿರಲಿಲ್ಲ. ಅದು ಈ ಶೆಡ್ಡಿನಲ್ಲಿ ಅವಳಿಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದಳು. ನಾಲ್ಕು ದಿನದಿಂದ ಅನ್ನ ಗಂಟಲಲ್ಲಿ ಇಳಿಯದಿರುವುದು ಅದಕ್ಕೆ.

ಇನ್‌ಸ್ಪೆಕ್ಟರಮ್ಮ ಗ್ಲೌಸು ತೊಟ್ಟು, ಮೊಣಕಾಲು ಹಿಡಿದುಕೊಂಡು ‘ಅಮ್ಮಾ’ ಎನ್ನುತ್ತ ಬಗ್ಗಿದರು. ಅಪಘಾತದ ಗಾಡಿಗಳನ್ನು ಬಿಚ್ಚಿ ನೋಡುವುದರಲ್ಲೇ ಕೂದಲು ನರೆತವರು ಅವರು. ಸೀಟಿನ ಅಡಿಯಿಂದ ಕಿತ್ತಳೆ ಬಣ್ಣದ ದಪ್ಪ ಪ್ಲಗ್ಗೊಂದನ್ನು ಎಳೆದು ತೆಗೆದು, ತಮ್ಮ ಜೇಬಿಗೆ ಹಾಕಿಕೊಂಡು ಜೇಬಿನ ಗುಂಡಿ ಹಾಕಿದರು.

“ಇದು ನನ್ನ ಜೇಬಲ್ಲಿರೋ ತನಕ ದೊಡ್ಡ ಬ್ಯಾಟರಿಯಿಂದ ಕರೆಂಟು ಹೊರಗೆ ಬರಲ್ಲ. ಒಳಗೆ ಅಲ್ಲಲ್ಲಿ ಉಳಿದಿರೋದು ಇಳಿದು ಹೋಗ್ಲಿ. ಅಲ್ಲೀವರೆಗೆ ಕೂತು ಮಾತಾಡೋಣ.”

ಬೋರಲು ಹಾಕಿದ ಡಬ್ಬದ ಮೇಲೆ ಕೂತು, ಬಾಯಿಗೊಂದು ಪೆಪ್ಪರ್‌ಮಿಂಟು ಹಾಕಿಕೊಂಡರು.

“ಈ ಗಾಡಿಗೆ ನೀವು ಕೊನೇ ಸಲ ಕೈ ಹಾಕಿದ್ದು ಯಾವಾಗ?”

“ಹೋದ ತಿಂಗಳು,” ಎಂದ ಅಣ್ಣ. “ಚಿಕ್ಕ ಬ್ಯಾಟರಿ ಸತ್ತಿತ್ತು. ಹೊಸದು ಹಾಕಿದ್ವಿ.”

“ದೊಡ್ಡದು?”

“ಮುಟ್ಟಿಲ್ಲ.”

“ಮುಟ್ಟೋದೆಲ್ಲಿ ಬಂತು ಮೇಡಂ,” ಎಂದು ಭಾವ ನಡುವೆ ಬಾಯಿ ಹಾಕಿದ. “ಅದಕ್ಕೆ ಕಂಪನಿ ಸೀಲಿದೆ. ಮುಚ್ಚಳ ಎತ್ತಿದ್ರೆ ಗ್ಯಾರಂಟಿ ಗಾಳಿಗೆ ಹೋಗುತ್ತೆ. ನಮಗೇನು ಹುಚ್ಚಾ? ಅದು ಚೆನ್ನಾಗೇ ಇದೆ. ನಾನೇ ಲ್ಯಾಪ್‌ಟಾಪ್ ಹಾಕಿ ನೋಡಿದ್ದೀನಿ.”

“ಚೆನ್ನಾಗಿದೆ,” ಎಂದ ಅಣ್ಣ, ಯಾರೂ ಕೇಳದಿದ್ದರೂ.

ಚಿಕ್ಕವಳು ಇಬ್ಬರನ್ನೂ ನೋಡಿದಳು. ಅಣ್ಣ ಮತ್ತು ಭಾವ ಒಂದು ವಿಷಯಕ್ಕೆ ಹೀಗೆ ಒಂದೇ ರಾಗ ಎಳೆದದ್ದನ್ನು ಅವಳು ಕಂಡೇ ಇರಲಿಲ್ಲ. ಕಾಫಿಗೆ ಸಕ್ಕರೆ ಎಷ್ಟು ಎನ್ನುವುದಕ್ಕೂ ಜಗಳ ಕಾಯುವವರು ಅವರು.

ಇನ್‌ಸ್ಪೆಕ್ಟರಮ್ಮ ಪೆಪ್ಪರ್‌ಮಿಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. “ಸುಮ್ಮನೆ ಕೂತಿರುವಾಗ ಎಲ್ಲ ಬ್ಯಾಟರಿಯೂ ಸಾಧುವೇ. ಏರು ಹತ್ತೋವಾಗ, ಭಾರ ಬಿದ್ದಾಗ ಯಾವುದು ಕುಸಿಯುತ್ತೆ ಅನ್ನೋದು ಮುಖ್ಯ. ಇರ್ಲಿ. ಮೊದಲು ಚಿಕ್ಕದನ್ನ ನೋಡೋಣ. ಆನೆಗೆ ಬುದ್ಧಿ ಹೇಳೋದು ಮಾವುತ ತಾನೆ?”

ಆ ಮಾತು ಚಿಕ್ಕವಳಿಗೆ ಅರ್ಥವಾಯಿತು. ಕಾರನ್ನು ಓಡಿಸುವುದು ನೆಲದಡಿಯ ದೊಡ್ಡ ಬ್ಯಾಟರಿ. ಆದರೆ ಗಾಡಿಯ ಮೆದುಳು, ಲೈಟು, ದೊಡ್ಡ ಬ್ಯಾಟರಿಯ ಸ್ವಿಚ್ಚು, ಇವೆಲ್ಲ ಎಚ್ಚರವಾಗಿರುವುದು ಬಾನೆಟ್ಟಿನಡಿಯ ಚಿಕ್ಕ ಬ್ಯಾಟರಿಯಿಂದ. ಅದು ಕೈಕೊಟ್ಟರೆ ಸ್ವಿಚ್ಚು ತಾನಾಗಿಯೇ ಕಳಚಿಕೊಳ್ಳುತ್ತದೆ. ದೊಡ್ಡದರ ಹೊಟ್ಟೆ ತುಂಬಿದ್ದರೂ ಗಾಡಿ ಹೆಣ.

ಬಾನೆಟ್ಟು ಎತ್ತಿದರು. ಲಾರಿ ಗುದ್ದಿದ್ದು ಹಿಂದಿನಿಂದಾದ್ದರಿಂದ ಇಲ್ಲಿ ಎಲ್ಲವೂ ಇದ್ದಲ್ಲೇ ಇತ್ತು. ಇನ್‌ಸ್ಪೆಕ್ಟರಮ್ಮ ಮೀಟರಿನ ಎರಡು ಪಿನ್ನುಗಳನ್ನು ಚಿಕ್ಕ ಬ್ಯಾಟರಿಯ ಎರಡು ತಲೆಗೆ ಇಟ್ಟರು.

“ಬ್ಯಾಟರಿ ಗಟ್ಟಿಯಾಗಿದೆ. ಹೊಸದು ಅಂದಿದ್ದು ಸುಳ್ಳಲ್ಲ.”

ಅಣ್ಣ ಉಸಿರು ಬಿಟ್ಟ.

“ಈಗ ಇನ್ನೊಂದು.” ಒಂದು ಪಿನ್ನನ್ನು ಮೈನಸ್ ತಲೆಯ ಮೇಲೇ ಬಿಟ್ಟು, ಇನ್ನೊಂದನ್ನು ಗಾಡಿಯ ಕಬ್ಬಿಣದ ಮೈಗೆ ಒತ್ತಿದರು. “ಇವೆರಡೂ ಒಂದೇ ಮನೆ. ನಡುವೆ ಗೋಡೆ ಇರ್ಬಾರ್ದು. ಮೀಟರು ಸೊನ್ನೆ ತೋರಿಸ್ಬೇಕು. ತೋರಿಸ್ತಿದೆ, ನೋಡಿ. ಎಲ್ಲಿ, ಹೆಡ್‌ಲೈಟ್ ಹಾಕಪ್ಪಾ.”

ಭಾವ ಒಳಗೆ ಕೈ ಹಾಕಿ ಸ್ವಿಚ್ಚು ತಿರುಗಿಸಿದ.

ಮೀಟರಿನ ಅಂಕಿ ಸೊನ್ನೆಯಿಂದ ಜಿಗಿದು ಮೂರರ ಹತ್ತಿರ ಹೋಗಿ ಕುಣಿಯತೊಡಗಿತು. ಹೆಡ್‌ಲೈಟುಗಳು ನಿದ್ದೆಗಣ್ಣಿನಲ್ಲಿ ಎದ್ದವರ ಹಾಗೆ ಮಂಕಾಗಿ, ಕೆಂಪಗೆ ಹೊತ್ತಿದವು.

“ಗೋಡೆ ಇದೆ,” ಎಂದರು ಇನ್‌ಸ್ಪೆಕ್ಟರಮ್ಮ.

ಮರದ ಕಡ್ಡಿಯೊಂದನ್ನು ತೆಗೆದುಕೊಂಡು ವೈರಿನುದ್ದಕ್ಕೂ ಅಲ್ಲಲ್ಲಿ ಒತ್ತುತ್ತ ಹೋದರು. ಎಲ್ಲಿ ಒತ್ತಿದರೂ ಬೆಳಕು ಹಾಗೇ ಇತ್ತು. ವೈರಿನ ಕೊನೆಗೆ ಒಂದು ಬೋಲ್ಟು. ಚಿಕ್ಕ ಬ್ಯಾಟರಿಯ ಮೈನಸ್ ವೈರೂ, ಅದನ್ನು ಚಾರ್ಜ್ ಮಾಡುವ ಪೆಟ್ಟಿಗೆಯ ವೈರೂ ಅದೇ ಬೋಲ್ಟಿನಡಿ ಸೇರಿ ಗಾಡಿಯ ಮೈಯನ್ನು ಹಿಡಿದುಕೊಳ್ಳುತ್ತವೆ. ಅರ್ತ್ ಬೋಲ್ಟು.

ಕಡ್ಡಿ ಅದರ ತಲೆಯನ್ನು ಒತ್ತಿತು. ಹೆಡ್‌ಲೈಟು ಫಳ್ಳನೆ ಬೆಳಗಿತು.

ಕಡ್ಡಿ ಎತ್ತಿದರು. ಮಂಕಾಯಿತು.

ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ, ಒಂದು ಚೂರೂ ಮುರಿಯದೆ, ನೆಟ್ಟಗೆ ಒಂದು ಹಳದಿ ಗೆರೆ ಇತ್ತು.

“ಈ ಗೆರೆ ಏನು?”

ಭಾವ ಹೇಳಿದ. “ಅದು ನಮ್ಮ ಪದ್ಧತಿ ಮೇಡಂ. ಟಾರ್ಕ್ ರೆಂಚು ಅಂತಿದೆ. ಸಾಕಷ್ಟು ಬಿಗಿಯಾದ ಕೂಡ್ಲೇ ಟಕ್ ಅನ್ನುತ್ತೆ. ಒಬ್ಬರು ಬಿಗಿ ಮಾಡ್ಬೇಕು. ಆಮೇಲೆ ಇನ್ನೊಬ್ಬರು ಬಂದು, ಮತ್ತೆ ಅದೇ ರೆಂಚು ಇಟ್ಟು, ತಮ್ಮ ಕಿವಿಯಾರೆ ಟಕ್ ಕೇಳಿಸ್ಕೊಂಡು, ಗೆರೆ ಎಳೀಬೇಕು. ಬೋಲ್ಟು ಆಮೇಲೆ ಕೂದಲೆಳೆಯಷ್ಟು ತಿರುಗಿದ್ರೂ ಗೆರೆ ಮುರಿಯುತ್ತೆ. ದೂರದಿಂದಲೇ ಗೊತ್ತಾಗುತ್ತೆ.”

“ಒಳ್ಳೇ ಪದ್ಧತಿ. ಬಿಗಿ ಮಾಡಿದ್ದು?”

“ನಾನು,” ಎಂದ ಅಣ್ಣ. “ಟಕ್ ಅಂದಿತ್ತು. ನಂಗೆ ಚೆನ್ನಾಗಿ ನೆನಪಿದೆ.”

“ಗೆರೆ ಮುರಿದಿಲ್ಲ. ಅಂದ್ರೆ ಬೋಲ್ಟು ಆಮೇಲೆ ಸಡಿಲ ಆಗಿದ್ದಲ್ಲ. ಗೆರೆ ಎಳೆದಾಗಲೇ ಸಡಿಲ ಇತ್ತು. ಗೆರೆ ಎಳೆದಿದ್ದು?”

ಭಾವ ಬೇರೆಲ್ಲೋ ನೋಡಿದ. ಅಣ್ಣ ತಲೆ ಎತ್ತಲಿಲ್ಲ.

ಕೇಳುವುದೇ ಬೇಕಾಗಿರಲಿಲ್ಲ. ಚಿಕ್ಕವಳ ಬಲಗೈ ತೋರುಬೆರಳಿನ ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಹೋಗದ ಹಳದಿ ಇತ್ತು. ಅವಳು ಆ ಬೆರಳನ್ನು ಮುಷ್ಟಿಯೊಳಗೆ ಮಡಿಚಿಕೊಂಡಳು.

ಆ ದಿನ ಅವಳು ರೆಂಚು ಇಟ್ಟಿರಲಿಲ್ಲ. ಆ ದಿನವೊಂದೇ ಅಲ್ಲ, ಅದಕ್ಕಿಂತ ಹಿಂದೆಯೂ ಇಡುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಡುತ್ತಿದ್ದಳು. ಒಮ್ಮೆ ಅಣ್ಣ ಬಿಗಿ ಮಾಡಿದ ಬೋಲ್ಟಿಗೆ ಅವಳು ರೆಂಚು ಇಟ್ಟಾಗ ಅವನು ಗಿರಾಕಿಯ ಎದುರಿಗೇ, ‘ಏನೇ, ನನ್ನ ಕೈ ಮೇಲೆ ನಿಂಗೆ ಅನುಮಾನವಾ? ನಿಂಗೆ ಸ್ಪ್ಯಾನರು ಹಿಡಿಯೋದು ಕಲಿಸಿದೋನು ನಾನು,’ ಎಂದಿದ್ದ. ತಮಾಷೆಗೇ ಎಂದಿದ್ದ. ಆದರೆ ಅವಳ ಮುಖಕ್ಕೆ ರಕ್ತ ನುಗ್ಗಿತ್ತು. ಅಪ್ಪ ಇಲ್ಲದ ಮನೆಯಲ್ಲಿ ಅಪ್ಪನ ಜಾಗದಲ್ಲಿ ನಿಂತವನ ಕೆಲಸವನ್ನು ತಾನು ಪರೀಕ್ಷೆ ಮಾಡುವುದೇ? ಅವತ್ತಿನಿಂದ ಅಣ್ಣ ‘ಆಯ್ತು’ ಎಂದರೆ ಆಯಿತು. ಅವಳು ಬ್ರಷ್ಷು ಅದ್ದಿ ಗೆರೆ ಎಳೆಯುತ್ತಿದ್ದಳು. ನೆಟ್ಟಗೆ, ಚಂದವಾಗಿ, ಏನನ್ನೂ ನೋಡದೆ.

ಈಗ ಸುಮ್ಮನಿದ್ದರೆ ಏನಾಗುತ್ತದೆ ಎಂಬುದು ಅವಳಿಗೆ ಹೊಳೆದಿತ್ತು. ಬಿಗಿ ಮಾಡಿದ್ದೇನೆ ಎಂದವನ ಬೋಲ್ಟು ಸಡಿಲವಿದೆ. ಜೀಪು ಹತ್ತುವವನು ಅವನೇ.

“ನಾನು ಎಳೆದೆ,” ಎಂದಳು. ಈ ಸಲ ದನಿ ಶೆಡ್ಡಿನ ತಗಡಿನವರೆಗೂ ಹೋಯಿತು. “ನೋಡದೆ ಎಳೆದೆ. ರೆಂಚು ಇಡ್ಲಿಲ್ಲ. ಯಾವತ್ತೂ ಇಡಲ್ಲ ಮೇಡಂ. ಇಟ್ಟಿದ್ರೆ ಅವತ್ತೇ ಗೊತ್ತಾಗ್ತಿತ್ತು. ತಾತ ಆಸ್ಪತ್ರೇಲಿರೋದು ನನ್ನಿಂದ.”

ನಾಲ್ಕು ದಿನ ನುಂಗಿಕೊಂಡದ್ದು ಹೊರಬಿದ್ದಿತ್ತು. ಹಗುರವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ.

“ಏಯ್, ಸುಮ್ನಿರೇ!” ಅಣ್ಣ ಕಂಬ ಬಿಟ್ಟು ಮುಂದೆ ಬಂದ. “ಮೇಡಂ, ಅವಳ ಮಾತು ಕೇಳ್ಬೇಡಿ. ನನ್ನ ಉಳಿಸ್ಕೊಳ್ಳೋಕೆ ಏನೇನೋ ಬಡಬಡಿಸ್ತಿದ್ದಾಳೆ. ತಪ್ಪು ನಂದು. ನಾನೇ ಬಿಗಿ ಮಾಡೋದು ಮರೆತೆ.”

“ಈಗಷ್ಟೇ ಟಕ್ ಅಂತು, ಚೆನ್ನಾಗಿ ನೆನಪಿದೆ ಅಂದ್ಯಲ್ಲಪ್ಪಾ?”

“ಅದು... ಬೇರೆ ಗಾಡಿದು ಇರ್ಬೇಕು. ದಿನಕ್ಕೆ ಹತ್ತಾರು ಬೋಲ್ಟು ಮೇಡಂ. ತಲೆ ಕೆಟ್ಟಿದೆ.”

“ಅಣ್ಣಾ, ನೀನು ಯಾಕೆ...”

“ಬಾಯ್ಮುಚ್ಚು ಅಂದೆ!”

ಭಾವ ಇಬ್ಬರ ನಡುವೆ ಬಂದು ಎರಡೂ ಕೈ ಎತ್ತಿದ. “ಆಯ್ತು ಬಿಡಿ, ಆಯ್ತು ಬಿಡಿ. ನೋಡಿ ಮೇಡಂ, ಒಬ್ಬ ಮರೆತ, ಒಬ್ಬಳು ನೋಡಲಿಲ್ಲ. ಬೇಕಂತ ಮಾಡಿದ್ದಲ್ಲ. ಬೋಲ್ಟು ಅಲುಗಾಡ್ತು, ಗಾಡಿ ನಿಂತು ಹೋಯ್ತು. ಲೈಟೂ ಆರಿರುತ್ತೆ, ಲಾರಿಯವನಿಗೆ ಏನೂ ಕಂಡಿರಲ್ಲ, ಪಾಪ. ಕಾರಣ ಸಿಕ್ಕಿತಲ್ಲ? ಹಾಗೇ ಬರ್ಕೊಂಡ್ಬಿಡಿ. ಗಾಡಿನ ಇನ್ನೂ ಕೊಚ್ಚಿ ಹಾಕೋದು ಯಾಕೆ?”

ಇನ್‌ಸ್ಪೆಕ್ಟರಮ್ಮ ಮೂವರನ್ನೂ ಒಂದು ಸುತ್ತು ನೋಡಿದರು.

“ಮೂವತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ತಪ್ಪು ನಂದಲ್ಲ, ಅವನದು ಅನ್ನೋರನ್ನೇ ನೋಡಿದ್ದು. ತಪ್ಪು ಹೊತ್ಕೊಳ್ಳೋಕೆ ಇಷ್ಟು ನೂಕುನುಗ್ಗಲು ಎಲ್ಲೂ ನೋಡಿಲ್ಲಪ್ಪ.” ಆಮೇಲೆ ಚಿಕ್ಕವಳ ಕಡೆ ತಿರುಗಿದರು. “ಬಾಮ್ಮಾ ಇಲ್ಲಿ. ಬೋಲ್ಟು ನೀನೇ ಬಿಚ್ಚು. ಅವತ್ತು ನೋಡ್ಲಿಲ್ಲ ಅಂದ್ಯಲ್ಲ, ಇವತ್ತು ನೋಡು.”

“ನಾನಾ?”

“ನೀನೇ. ನಿನ್ನ ಕಣ್ಣು ಚೆನ್ನಾಗಿದೆ. ನಾನು ಬಂದಾಗಿಂದ ನೀನು ನೋಡ್ತಿರೋದನ್ನ ನಾನು ನೋಡ್ತಿದ್ದೀನಿ.”

ಹೆಡ್‌ಲೈಟು ಆರಿಸಿ, ಬ್ಯಾಟರಿಯ ತಲೆಯಿಂದ ವೈರು ಕಳಚಿ ಪಕ್ಕಕ್ಕೆ ಸರಿಸಿ, ಚಿಕ್ಕವಳು ಬೋಲ್ಟಿಗೆ ಕೈ ಹಾಕಿದಳು. ಸ್ಪ್ಯಾನರೇ ಬೇಕಾಗಲಿಲ್ಲ. ಬೆರಳಿಗೇ ತಿರುಗಿತು. ಇಷ್ಟು ಸಡಿಲ! ಒಂದು ಸಲ ಮುಟ್ಟಿದ್ದರೂ ಗೊತ್ತಾಗುತ್ತಿತ್ತಲ್ಲ!

ಬೋಲ್ಟು ಅಂಗೈಗೆ ಬಂತು. ವೈರಿನ ತುದಿಯ ಬಳೆಯೂ, ಅದರಡಿಯ ಹಲ್ಲುವಾಷರೂ ಕಳಚಿಕೊಂಡವು.

“ಏನು ಕಾಣ್ಸುತ್ತೆ?”

ಚಿಕ್ಕವಳು ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು.

ಗಾಡಿಯ ಕಬ್ಬಿಣದ ಮೇಲೆ ವಾಷರಿನ ಹಲ್ಲುಗಳ ಗುರುತು ಸುತ್ತಲೂ ಮೂಡಿತ್ತು. ಮೇಲುಮೇಲಿನ ಗೀರಲ್ಲ. ಕಚ್ಚಿದ ಗುರುತು. ಒಂದೊಂದು ಹಲ್ಲೂ ಬಣ್ಣವನ್ನು ಕಚ್ಚಿ, ಅದರಡಿಯ ಕಬ್ಬಿಣಕ್ಕೆ ಇಳಿದಿತ್ತು. ಬೆರಳಲ್ಲಿ ತಿರುಗಿಸಿ ಬಿಟ್ಟ ಬೋಲ್ಟು ಹಾಗೆ ಕಚ್ಚಿಸಲಾರದು.

“ಇದು... ಬಿಗಿಯಾಗಿತ್ತು ಮೇಡಂ. ಪೂರ್ತಿ ಬಿಗಿಯಾಗಿತ್ತು. ಹಲ್ಲು ಇಳಿದಿದೆ.”

“ಅಂದ್ರೆ ನಿಮ್ಮಣ್ಣನ ಟಕ್ ನಿಜ. ಇನ್ನೇನು?”

“ಮಸಿ ಇಲ್ಲ.”

“ಹೇಳು, ಹೇಳು.”

“ಸಡಿಲ ಬೋಲ್ಟಲ್ಲಿ ಕರೆಂಟು ಓಡಿದ್ರೆ ಕಿಡಿ ಹಾರುತ್ತೆ. ಕಪ್ಪಾಗುತ್ತೆ, ಅಲ್ಲಲ್ಲಿ ಗುಳಿ ಬೀಳುತ್ತೆ.” ಮಾತು ತಾನಾಗಿ ಬರುತ್ತಿತ್ತು. ಅವಳಿಗೆ ಅದರ ಮೇಲೆ ಹಿಡಿತವಿರಲಿಲ್ಲ. “ತಾತ ಒಂದು ತಿಂಗಳು ಓಡಿಸಿದ್ದಾರೆ. ಇಲ್ಲಿ ಏನೂ ಆಗಿಲ್ಲ. ತಟ್ಟೆ ತೊಳೆದಿಟ್ಟ ಹಾಗಿದೆ.”

“ನಂಗೆ ಇದೆಲ್ಲ ತಲೆಗೇ ಹತ್ತಲ್ಲ,” ಎಂದ ಭಾವ. “ಹೊಸ ವಾಷರು, ಹೊಸ ಬೋಲ್ಟು. ಕಪ್ಪಾಗೋಕೆ ಟೈಮ್ ಬೇಡ್ವಾ?”

ಇನ್‌ಸ್ಪೆಕ್ಟರಮ್ಮ ಅವನ ಕಡೆ ನೋಡಲೂ ಇಲ್ಲ. “ಗೆರೆ ನೋಡಮ್ಮಾ. ನಿನ್ನ ಗೆರೆ.”

ಚಿಕ್ಕವಳು ಬೋಲ್ಟನ್ನು ಬೆಳಕಿಗೆ ಹಿಡಿದಳು. ತಲೆಯ ಮೇಲೆ ಹಳದಿ. ಉಗುರಿನಿಂದ ಮೆಲ್ಲಗೆ ಒತ್ತಿದಳು. ಉಗುರು ಮೇಣದೊಳಗೆ ಇಳಿದ ಹಾಗೆ ಇಳಿಯಿತು.

ತಿಂಗಳ ಹಿಂದೆ ಎಳೆದ ಗೆರೆ ಉಗುರಿಗೆ ಹೀಗೆ ಬಗ್ಗುವುದಿಲ್ಲ. ಒಣಗಿ, ಪುಡಿಪುಡಿಯಾಗಿ ಉದುರುತ್ತದೆ. ಇಡೀ ವರ್ಕ್‌ಶಾಪಿನಲ್ಲಿ ಈ ಬಣ್ಣದ ಸ್ವಭಾವ ಅವಳಷ್ಟು ಬಲ್ಲವರಿಲ್ಲ.

ಬೋಲ್ಟನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿದಳು. ತಲೆಯ ಪಕ್ಕದ ಮುಖದಲ್ಲಿ, ಈ ಗೆರೆಗೆ ಸಂಬಂಧವೇ ಇಲ್ಲದ ಕಡೆ, ಸಾಸಿವೆ ಕಾಳಿನಷ್ಟು ಹಳದಿ ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ತಾಕಿದಳು. ಪುಡಿಯಾಗಿ ಉದುರಿತು. ಅದರ ಮೇಲ್ಗಡೆ, ತಲೆಯ ಮೇಲೆ, ಬ್ಲೇಡಿನಿಂದ ಹೆರೆದ ಸಣ್ಣ ಸಣ್ಣ ಗೀರುಗಳು.

ಅವಳು ಬೋಲ್ಟನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

ಹೇಳದಿರಬಹುದಿತ್ತು. ಬೋಲ್ಟು ಅವಳ ಕೈಯಲ್ಲಿತ್ತು. ಇನ್‌ಸ್ಪೆಕ್ಟರಮ್ಮನ ಕಣ್ಣಿಗೆ ಆ ಕಾಳು ಬೀಳುವ ಮೊದಲೇ ಹೆಬ್ಬೆರಳು ಒರೆಸಿ ಮುಗಿಸಬಹುದಿತ್ತು. ಹೇಳಿದರೆ ತನ್ನ ತಲೆಯ ಮೇಲಿನ ಕತ್ತಿ ಸರಿಯುತ್ತದೆ. ಸರಿದು ಎಲ್ಲಿ ಹೋಗಿ ನಿಲ್ಲುತ್ತದೆ? ಈ ಬಣ್ಣ, ಈ ಬ್ರಷ್ಷು, ಈ ಶೆಡ್ಡು ಮನೆಯವರದಲ್ಲದೆ ಇನ್ಯಾರದು?

ಆದರೆ ನೋಡಿಯೂ ಹೇಳದಿರುವುದು, ನೋಡದೆ ಗೆರೆ ಎಳೆದದ್ದಕ್ಕಿಂತ ಹೆಚ್ಚು. ಆಸ್ಪತ್ರೆಯ ಬಾಗಿಲ ಸಂದಿಯಿಂದ ಕಂಡ ತಾತನ ಮುಖ ನೆನಪಾಯಿತು. ಕನ್ನಡಕವಿಲ್ಲದ ಆ ಮುಖ ಯಾರದೋ ಎನ್ನುವಂತಿತ್ತು.

“ಇದು ನನ್ನ ಗೆರೆಯಲ್ಲ,” ಎಂದಳು. “ನಂದು ಇಲ್ಲಿತ್ತು. ಪಕ್ಕದಲ್ಲಿ. ಬೋಲ್ಟು ಸಡಿಲ ಮಾಡಿದಾಗ ತಿರುಗಿ ಮುರಿದಿದೆ. ಯಾರೋ ಹೆರೆದು ಹಾಕಿ, ಹೊಸದು ಎಳೆದಿದ್ದಾರೆ. ಮೊನ್ನೆ ಮೊನ್ನೆ ಎಳೆದಿದ್ದು. ಇನ್ನೂ ಹಸಿಯಿದೆ.”

ಬೋಲ್ಟನ್ನು ಇನ್‌ಸ್ಪೆಕ್ಟರಮ್ಮನ ಅಂಗೈಗೆ ಇಟ್ಟಳು.

“ಭೇಷ್,” ಎಂದರು ಇನ್‌ಸ್ಪೆಕ್ಟರಮ್ಮ. ಹೊಗಳಿಕೆಯ ದನಿ ಅದಾಗಿರಲಿಲ್ಲ. “ಈಗ ನಾನು ಇಷ್ಟು ಹೊತ್ತು ಹೇಳದೆ ಇಟ್ಕೊಂಡಿದ್ದು ಹೇಳ್ತೀನಿ. ಲಾರಿಯವನನ್ನ ಬೆಳಿಗ್ಗೆ ಕೇಳಿದೆ. ಬ್ರೇಕ್ ಒತ್ತೋ ಮುಂಚೆ ಏನು ಕಾಣಿಸ್ತು ಅಂತ. ಮುಂದೆ ನಿಂತಿದ್ದ ಕಾರಿನ ಹಿಂದಿನ ಎರಡೂ ಮೂಲೆಯ ದೀಪ ಮಿಣಮಿಣ ಅಂತಿತ್ತಂತೆ. ಗಾಡಿ ಕೆಟ್ಟಿದೆ ಅಂತ ಎಚ್ಚರಿಕೆ ಕೊಡೋ ದೀಪ. ತಾತ ಪಾಪ, ಗಾಡಿ ನಿಂತ ಕೂಡ್ಲೇ ಅದನ್ನ ಒತ್ತಿದ್ದಾರೆ.”

ಚಿಕ್ಕವಳಿಗೆ ಕೂಡಲೇ ಅರ್ಥವಾಯಿತು. ಅಣ್ಣನಿಗೂ ಅದೇ ಗಳಿಗೆಯಲ್ಲಿ ಅರ್ಥವಾದದ್ದು ಅವನ ಮುಖದಲ್ಲಿ ಕಾಣಿಸಿತು.

“ಅರ್ತ್ ಬೋಲ್ಟು ಕೈಬಿಟ್ಟಿದ್ರೆ ಆ ದೀಪಗಳೂ ಸಾಯ್ಬೇಕಿತ್ತು,” ಎಂದು ಇನ್‌ಸ್ಪೆಕ್ಟರಮ್ಮ ಮುಂದುವರಿಸಿದರು. “ಸಾಯ್ಲಿಲ್ಲ. ಚಿಕ್ಕ ಬ್ಯಾಟರಿ ಜೀವಂತವಾಗಿತ್ತು, ಅದರ ವೈರು ಭದ್ರವಾಗಿತ್ತು. ಸೇತುವೆ ಮೇಲೆ ಈ ಬೋಲ್ಟು ಕಲ್ಲಿನ ಹಾಗಿತ್ತು. ಗಾಡಿ ನಿಂತಿದ್ದು ಇದರಿಂದ ಅಲ್ಲವೇ ಅಲ್ಲ. ಗುದ್ದಿದ ಮೇಲೆ, ಗಾಡಿ ಮುರಿದು ಬಿದ್ದ ಮೇಲೆ, ಯಾರೋ ಬಂದು ಇದನ್ನ ಸಡಿಲ ಮಾಡಿದ್ದಾರೆ. ಗುದ್ದಿದ ಸಂಜೆ ಗಾಡಿನ ಎಳ್ಕೊಂಡು ಬಂದಿದ್ದು ಎಲ್ಲಿಗೆ?”

“ಇಲ್ಲಿಗೇ,” ಎಂದ ಭಾವ. ಅವನ ಮಾತಿನ ಹುರುಪೆಲ್ಲ ಇಳಿದುಹೋಗಿತ್ತು.

“ನಾನು ಬಂದು ಬಾಗಿಲಿಗೆ ಸೀಲು ಹಾಕಿದ್ದು?”

“ಮಾರನೇ ದಿನ.”

“ನಡುವೆ ಒಳಗೆ ಬಂದವರು?”

ಚಿಕ್ಕವಳೇ ಹೇಳಬೇಕಾಯಿತು. “ನಾವು ಮೂವರೇ ಮೇಡಂ. ಬೇರೆಯವರಿಗೆ ಬೀಗದ ಕೈ ಇಲ್ಲ.”

“ಹಾಗಾದ್ರೆ ನಂಗೆ ಎರಡು ವಿಷಯ ಗೊತ್ತಾಯ್ತು.” ಇನ್‌ಸ್ಪೆಕ್ಟರಮ್ಮ ಕಾರಿನ ಬಾಗಿಲ ಬಳಿಗೆ ಬಂದು, ಕಾರಿನ ನೆಲವನ್ನು, ಅದರಡಿಯ ದೊಡ್ಡ ಬ್ಯಾಟರಿಯನ್ನು ಷೂ ತುದಿಯಿಂದ ತಟ್ಟಿದರು. “ಒಂದು, ನಾನು ನಿಜವಾಗಿ ಹುಡುಕ್ಬೇಕಾಗಿರೋದು ಈ ಬಾನೆಟ್ಟಿನಡಿ ಇಲ್ಲ. ನಾನು ಬೇರೆ ಕಡೆ ಕೈ ಹಾಕ್ಬಾರ್ದು ಅಂತಲೇ ಈ ಬೋಲ್ಟನ್ನ ನನ್ನ ಕೈಗೆ ಸಿಗೋ ಹಾಗೆ ಇಟ್ಟಿದ್ದಾರೆ. ನಾಳೆ ದೊಡ್ಡದರ ಮುಚ್ಚಳ ಎತ್ತುತೀನಿ, ಗ್ಯಾರಂಟಿ ಹೋದ್ರೆ ಹೋಗ್ಲಿ.”

ಭಾವ ಹಣೆ ಒರೆಸಿಕೊಂಡ. ಅಣ್ಣ ಅಲುಗಲಿಲ್ಲ.

“ಎರಡನೇದು ಈ ಹುಡುಗಿಗೆ ಸೇರಿದ್ದು.” ಅವರ ದನಿ ಮೆತ್ತಗಾಯಿತು. “ಯೋಚನೆ ಮಾಡು ಮಗಳೇ. ನೀನು ಪ್ರತಿ ಬೋಲ್ಟಿಗೂ ರೆಂಚು ಇಟ್ಟು ನೋಡೋಳಾಗಿದ್ರೆ ಈ ಉಪಾಯ ನಡೀತಿರ್ಲಿಲ್ಲ. ‘ನಾನು ನೋಡಿದ್ದೆ, ಬಿಗಿಯಾಗಿತ್ತು’ ಅಂತ ಎದ್ದು ನಿಲ್ತಿದ್ದೆ. ಇದನ್ನ ಮಾಡಿದೋರಿಗೆ ನೀನು ನೋಡದೆ ಗೆರೆ ಎಳೀತೀಯ ಅನ್ನೋದು ಗೊತ್ತಿತ್ತು. ಕೇಳಿದ ಕೂಡ್ಲೇ ತಪ್ಪು ನಂದೇ ಅಂತ ಅಳ್ತೀಯ ಅನ್ನೋದೂ ಗೊತ್ತಿತ್ತು. ನಿನ್ನ ಆ ಗುಟ್ಟು ಯಾರಿಗೆ ಗೊತ್ತಿತ್ತಮ್ಮಾ?”



ಶೆಡ್ಡಿನಲ್ಲಿ ಯಾರಿಗೂ ಗೊತ್ತಿಲ್ಲವೆಂದೇ ಅವಳು ನಂಬಿದ್ದಳು. ಆದರೆ ರೆಂಚು ಇಟ್ಟಾಗ ಅವಳ ಮುಖ ಕೆಂಪಾಗುವಂತೆ ಅಂದವನು ಅಣ್ಣ. ಆಮೇಲೆ ಅವಳು ರೆಂಚು ಮುಟ್ಟುವುದನ್ನೇ ಬಿಟ್ಟಳೆಂದು ಪಕ್ಕದಲ್ಲೇ ನಿಲ್ಲುವ ಅವನಿಗೆ ಗೊತ್ತಾಗದೆ ಇರುತ್ತದೆಯೇ? ಇನ್ನೊಂದು ಸಲ, ಬಟ್ಟೆ ಒಣಗಿಹಾಕುವಾಗ, ಮನಸ್ಸು ತಡೆಯದೆ ಅಕ್ಕನ ಹತ್ತಿರ ಹೇಳಿಕೊಂಡಿದ್ದಳು. ‘ಯಾರಿಗೂ ಹೇಳ್ಬೇಡ ಕಣೇ,’ ಎಂದು ಆಣೆಯನ್ನೂ ಹಾಕಿಸಿಕೊಂಡಿದ್ದಳು. ಅಕ್ಕನ ಹೊಟ್ಟೆಯಲ್ಲಿ ಒಂದು ಮಾತು ರಾತ್ರಿ ಕಳೆದು ಬೆಳಗಾಗುವವರೆಗೆ ನಿಂತದ್ದಿಲ್ಲ. ಅಕ್ಕನ ಮಾತು ಕೇಳುವ ಕಿವಿ ಭಾವನದು.

ಇಬ್ಬರಲ್ಲೊಬ್ಬ ಅವಳ ಅಳುಕನ್ನು ಹೀಗೆ ಕೈಗೆತ್ತಿಕೊಂಡು, ಬ್ರಷ್ಷಿನ ಹಾಗೆ ಬಣ್ಣಕ್ಕೆ ಅದ್ದಿದ್ದ. ಹಾಗಿದ್ದರೂ ಅವಳ ತಪ್ಪು ತಪ್ಪಾಗಿಯೇ ಉಳಿದಿತ್ತು. ಬೇರೆ ಗಾಡಿಗಳ ಮೇಲೂ ಅವಳು ನೋಡದೆ ಎಳೆದ ಗೆರೆಗಳಿದ್ದವು. ಅವು ಈ ಹೊತ್ತಿನಲ್ಲೂ ಯಾವುದೋ ರಸ್ತೆಯಲ್ಲಿ ಓಡುತ್ತಿದ್ದವು.

“ಗೊತ್ತಿಲ್ಲ ಅನ್ಬೇಡ,” ಎಂದರು ಇನ್‌ಸ್ಪೆಕ್ಟರಮ್ಮ. “ನಿನ್ನ ಮುಖದಲ್ಲೇ ಬರೆದಿದೆ.”

ಚಿಕ್ಕವಳು ಅವರ ಕಡೆಗೆ ಬೆನ್ನು ಹಾಕಿ ಅಣ್ಣನ ಕಡೆಗೂ ಭಾವನ ಕಡೆಗೂ ತಿರುಗಿದಳು. ಒಬ್ಬ ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಇನ್ನೊಬ್ಬ ಅವಳು ಊಟ ಬಿಟ್ಟರೆ ತಾನೇ ತಟ್ಟೆ ತಂದು ಮುಂದಿಟ್ಟು, ನಗಿಸಿ ನಗಿಸಿ ಉಣ್ಣಿಸುವವನು.

ಜೋರಾಗಿ ಹೇಳಬೇಕೆಂದುಕೊಂಡಳು. ಬಂದದ್ದು ಅವಳ ಯಾವತ್ತಿನ ಸಣ್ಣ ದನಿಯೇ.

“ನಾನಲ್ಲ ಅಂತ ಇಬ್ಬರಲ್ಲಿ ಒಬ್ಬರಾದ್ರೂ ಹೇಳಿ.”

ಅಣ್ಣ ಭಾವನನ್ನು ನೋಡಿದ. ಭಾವ ಅಣ್ಣನನ್ನು ನೋಡಿದ. ಅವಳ ಕಡೆ ಇಬ್ಬರೂ ನೋಡಲಿಲ್ಲ.